ಎಷ್ಟನೇ ಸ್ಟೇಜಂತೆ?

ನಮ್ಮ ಕಡೆ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಜನ ಕೇಳೋ ಮೊದಲ ಪ್ರಶ್ನೆ ‘ಎಲ್ಲಿಗೆ ಬಂದಿದೆ’ ಅಂತಲ್ಲ, ‘ಎಷ್ಟನೇ ಸ್ಟೇಜಂತೆ?’ ಅಂತ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೂ ಕೇಳುತ್ತಾರೆ, ಹಾಲಿನ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರೂ ಕೇಳುತ್ತಾರೆ. ಒಂದು ಅಂದರೆ ‘ಏನೂ ಆಗಲ್ಲ ಬಿಡು’. ಎರಡು ಅಂದರೆ ‘ದೇವರಿದಾನೆ’. ಮೂರು ಅಂದರೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ. ನಾಲ್ಕಕ್ಕೆ ಏನನ್ನಬೇಕು ಅನ್ನೋದನ್ನ ಸಿನಿಮಾದವರು ಆಗಲೇ ಕಲಿಸಿಬಿಟ್ಟಿದ್ದಾರೆ. ಡಾಕ್ಟರು ಕನ್ನಡಕ ತೆಗೆದು ‘ಲಾಸ್ಟ್ ಸ್ಟೇಜ್’ ಅನ್ನೋದು, ಹಿಂದಿನಿಂದ ಪಿಟೀಲು.

ಈ ಲೆಕ್ಕ ಪೂರ್ತಿ ಸುಳ್ಳೇನಲ್ಲ. ಸ್ತನದ, ಹೊಟ್ಟೆಯ, ಶ್ವಾಸಕೋಶದ ಕ್ಯಾನ್ಸರಿಗೆ ಹೆಚ್ಚುಕಡಿಮೆ ಹೊಂದುತ್ತದೆ. ಗಡ್ಡೆ ಎಷ್ಟು ದೊಡ್ಡದು, ಅಕ್ಕಪಕ್ಕದ ದುಗ್ಧಗ್ರಂಥಿಗೆ ಹೋಗಿದೆಯಾ, ದೂರದ ಅಂಗಕ್ಕೆ ಹರಡಿದೆಯಾ, ಇಷ್ಟು ನೋಡಿ ಅಲ್ಲಿ ಹಂತ ಹೇಳುತ್ತಾರೆ. ಆದರೆ ಮಲ್ಟಿಪಲ್ ಮೈಲೋಮಾ ಅನ್ನೋ ಕಾಯಿಲೆಗೂ ಇದೇ ಅಳತೆಪಟ್ಟಿ ಹಿಡಿದರೆ ಒಂದು ಮನೆ ಎಂಥ ತೀರ್ಮಾನಕ್ಕೆ ಬಂದುಬಿಡಬಹುದು ಅನ್ನೋದನ್ನ ನಾನು ತೀರಾ ಹತ್ತಿರದಿಂದ ನೋಡಿದ್ದೇನೆ.

ನಮ್ಮೂರು ತಿಪಟೂರು ತಾಲ್ಲೂಕು. ತೆಂಗಿನ ತೋಟ, ಅಟ್ಟದ ತುಂಬ ಕಾಯಿ. ಕಾಯಿ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಒಣಗಬೇಕು. ಆಮೇಲೆ ಇಳಿಸಬೇಕು, ಸುಲಿಯಬೇಕು, ಒಡೆಯಬೇಕು, ಮೂಟೆ ಕಟ್ಟಿ ಹೊರಬೇಕು. ಹಾಗಾಗಿ ನಮ್ಮ ಸೀಮೆಯಲ್ಲಿ ಬೆನ್ನುನೋವನ್ನ ಯಾರೂ ಕಾಯಿಲೆ ಅಂತ ಎಣಿಸಲ್ಲ. ಅಪ್ಪನಿಗೆ ಅರವತ್ಮೂರು ವರ್ಷ ಆಗಿದ್ದಾಗ ಬೆನ್ನುನೋವು ಶುರುವಾಯ್ತು. ನೋವಿನ ಮಾತ್ರೆ, ಎಣ್ಣೆ, ಬೆಲ್ಟು ಎಲ್ಲ ಆಯ್ತು. ಆಮೇಲೆ ಸುಸ್ತು ಬಂತು, ರಕ್ತ ಕಡಿಮೆ ಇದೆ ಅಂತ ಟಾನಿಕ್ ಕೊಟ್ಟರು. ಆಮೇಲೆ ತಡೆಯೋಕಾಗದ ಬಾಯಾರಿಕೆ. ಶುಗರ್ ನೋಡಿಸಿದರೆ ನಾರ್ಮಲ್. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಮೂಳೆಯನ್ನ ಬಿಟ್ಟು ರಕ್ತ ನೋಡಿದರು. ಕ್ರಿಯಾಟಿನಿನ್, ಕ್ಯಾಲ್ಸಿಯಂ, ಟೋಟಲ್ ಪ್ರೋಟೀನ್ ಮೂರೂ ಜಾಸ್ತಿ. ‘ನೋವಿನ ಮಾತ್ರೆ ಇವತ್ತೇ ನಿಲ್ಸಿ, ಕಿಡ್ನಿ ಹಾಳಾಗುತ್ತೆ. ನಾಳೆನೇ ಬೆಂಗಳೂರಿಗೆ ಕರ್ಕೊಂಡು ಹೋಗಿ’ ಅಂದರು. ಆ ಪುಣ್ಯಾತ್ಮನನ್ನ ಅಮ್ಮ ಈಗಲೂ ನೆನೆಯುತ್ತಾಳೆ.

ಕಾಯಿಲೆ ಏನು ಅಂತ ಒಂದು ಮಾತಲ್ಲಿ ಹೇಳಿಬಿಡುತ್ತೇನೆ. ಮೂಳೆಯೊಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳು ಅಂತಿವೆ. ರೋಗಾಣು ಬಂದಾಗ ಅದಕ್ಕೆ ತಕ್ಕ ಪ್ರತಿಕಾಯ ತಯಾರಿಸೋದು ಅವುಗಳ ಕೆಲಸ. ಅದರಲ್ಲೊಂದು ಕೆಟ್ಟು, ತನ್ನದೇ ನಕಲುಗಳನ್ನು ಮಾಡಿಕೊಳ್ಳುತ್ತಾ, ಲೂಪಿಗೆ ಬಿದ್ದ ಪ್ರೋಗ್ರಾಮಿನ ಥರ ಕೆಲಸಕ್ಕೆ ಬಾರದ ಒಂದೇ ಪ್ರೋಟೀನನ್ನ ಉಗುಳುತ್ತಾ ಹೋದರೆ ಅದು ಮೈಲೋಮಾ. ಆ ಪ್ರೋಟೀನಿಗೆ ಎಂ ಪ್ರೋಟೀನ್ ಅಂತಾರೆ. ಕೆಟ್ಟ ಕೋಶಗಳು ಮಜ್ಜೆಯಲ್ಲಿ ಜಾಗ ಹಿಡಿದುಕೊಂಡರೆ ರಕ್ತ ತಯಾರಾಗೋದು ಕಡಿಮೆಯಾಗುತ್ತೆ, ಅದೇ ಸುಸ್ತು. ಮೂಳೆ ಕರಗಿ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತೆ, ಅದೇ ಬಾಯಾರಿಕೆ. ಪ್ರೋಟೀನಿನ ಚೂರುಗಳು ಕಿಡ್ನಿಯ ನಾಳಗಳಲ್ಲಿ ಕಟ್ಟಿಕೊಳ್ಳುತ್ತವೆ. ವರ್ಷದಿಂದ ಬೇರೆಬೇರೆ ಅಂದುಕೊಂಡಿದ್ದ ನಾಲ್ಕು ತೊಂದರೆಗಳೂ ಒಂದೇ ಬಗ್‌ನ ನಾಲ್ಕು ಟಿಕೆಟ್.

ಮಜ್ಜೆ ಬೆನ್ನುಮೂಳೆ, ಪಕ್ಕೆಲುಬು, ಸೊಂಟ, ತಲೆಬುರುಡೆ ಎಲ್ಲ ಕಡೆ ಇರೋದರಿಂದ ಪತ್ತೆಯಾಗೋ ಹೊತ್ತಿಗೇ ಇದು ಸಾಮಾನ್ಯವಾಗಿ ಹಲವು ಕಡೆ ಇರುತ್ತದೆ. ಹೆಸರಲ್ಲೇ ಮಲ್ಟಿಪಲ್ ಇದೆಯಲ್ಲ. ಹಾಗಾಗಿ ‘ಹರಡಿದೆಯಾ?’ ಅನ್ನೋ ಪ್ರಶ್ನೆಗೆ ಇಲ್ಲಿ ಅರ್ಥವೇ ಇಲ್ಲ. ಹಾಗಿದ್ದರೆ ಸ್ಟೇಜ್ ಅಂತ ಹೇಳೋದು ಯಾವುದಕ್ಕೆ?

ಅದಕ್ಕಾಗಿ ಒಂದು ವಾರ ಪರೀಕ್ಷೆಗಳು ನಡೆದವು. ಮಗ್ಗುಲಾಗಿ ಮಲಗಿಸಿ ಸೊಂಟದ ಹಿಂದಿನ ಮೂಳೆಯಿಂದ ಮಜ್ಜೆ ತೆಗೆದರು. ಅಪ್ಪ ತುಟಿ ಕಚ್ಚಿಕೊಂಡು ‘ಎಳನೀರಿಗೆ ತೂತು ಹೊಡದಂಗೆ ಹೊಡುದ್ರು ಕಣೋ’ ಅಂದ. ಇಡೀ ಮೈಯ ಸ್ಕ್ಯಾನ್ ಆಯ್ತು. ರಕ್ತದ ಕೊಳವೆ ಎಷ್ಟು ಹೋದವೋ ಲೆಕ್ಕವಿಲ್ಲ. ಇಪ್ಪತ್ನಾಲ್ಕು ಗಂಟೆಯ ಮೂತ್ರ ಹಿಡಿಯೋಕೆ ದೊಡ್ಡ ಕ್ಯಾನ್ ಕೊಟ್ಟಿದ್ದರು. ಅದನ್ನ ಹಿಡಿದು ಲಿಫ್ಟಿನಲ್ಲಿ ಇಳಿಯುವಾಗ ಅಪ್ಪನಿಗೆ ಆದಷ್ಟು ಮುಜುಗರ ಮಜ್ಜೆ ತೆಗೆದಾಗಲೂ ಆಗಿರಲಿಲ್ಲ. ಈ ಕಾಯಿಲೆಯ ಗುರುತು ಮೊದಲು ಸಿಕ್ಕಿದ್ದೇ ಮೂತ್ರದಲ್ಲಿ ಅಂತ ನಾನು ಆಮೇಲೆ ಓದಿದೆ. 1845ರಲ್ಲಿ ಲಂಡನ್ನಿನ ಒಬ್ಬ ದಿನಸಿ ವ್ಯಾಪಾರಿಯ ಮೂತ್ರವನ್ನ ಹೆನ್ರಿ ಬೆನ್ಸ್ ಜೋನ್ಸ್ ಅನ್ನೋ ವೈದ್ಯರಿಗೆ ಕಳಿಸಿದ್ದರಂತೆ. ಬಿಸಿ ಮಾಡಿದರೆ ಹೆಪ್ಪುಗಟ್ಟೋದು, ಕುದಿಸಿದರೆ ಮತ್ತೆ ಕರಗೋದು ಅದರ ವಿಚಿತ್ರ. ಆ ಪ್ರೋಟೀನಿಗೆ ಇವತ್ತಿಗೂ ಆ ವೈದ್ಯರದೇ ಹೆಸರು. ಕಥೆ ಹೇಳಿದ ಮೇಲೆ ಅಪ್ಪನ ಮುಜುಗರ ಸ್ವಲ್ಪ ಕಡಿಮೆಯಾಯ್ತು.

ಡಿಸ್ಚಾರ್ಜ್ ಆದಾಗ ಕೊಟ್ಟ ಕಾಗದದಲ್ಲಿ ಎರಡು ಸಾಲು ಇತ್ತು. ‘ಡ್ಯೂರಿ-ಸಾಲ್ಮನ್ ಹಂತ 3-ಬಿ. ಐಎಸ್‌ಎಸ್ ಹಂತ 3. ಫಿಶ್ ವರದಿ ಬರಬೇಕಿದೆ.’ ಚಿಕ್ಕಪ್ಪನ ಮಗ ಅದರ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದ. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ನಡುವೆ ಎರಡು ಸಲ ‘3’ ಕಂಡಿದ್ದೇ ತಡ, ಸಂಜೆಗೆ ದೊಡ್ಡಪ್ಪನ ಫೋನು.

ದೊಡ್ಡಪ್ಪ ಕೆಟ್ಟವರಲ್ಲ. ಎಂಟು ವರ್ಷದ ಹಿಂದೆ ದೊಡ್ಡಮ್ಮನಿಗೆ ಹೊಟ್ಟೆಯ ಕ್ಯಾನ್ಸರ್ ಆಗಿತ್ತು, ಗೊತ್ತಾಗೋ ಹೊತ್ತಿಗೆ ನಾಲ್ಕನೇ ಹಂತ. ಒಂದೂವರೆ ಎಕರೆ ಮಾರಿದರು. ನಾಲ್ಕು ತಿಂಗಳಲ್ಲಿ ದೊಡ್ಡಮ್ಮನೂ ಇಲ್ಲ, ಜಮೀನೂ ಇಲ್ಲ. ಅವರು ಅನುಭವಿಸಿದ್ದನ್ನೇ ಹೇಳಿದರು. ‘ಮೂರು ಅಂದ್ಮೇಲೆ ಮುಗೀತು ಕಣಪ್ಪ. ಮನೆಗೆ ಕರ್ಕೊಂಡು ಬಾ, ಬೇಕಾದ್ದು ಉಣ್ಕೊಂಡು ತಿಂದ್ಕೊಂಡು ನೆಮ್ಮದಿಯಾಗಿರ್ಲಿ. ತೋಟಕ್ಕೆ ಕೈ ಹಾಕ್ಬೇಡ. ನಿಮ್ಮಮ್ಮ ಉಳ್ಕೋಬೇಕಲ್ಲ.’ ಅಪ್ಪ ಪಕ್ಕದಲ್ಲೇ ಕೂತಿದ್ದ. ಸ್ಪೀಕರ್ ಹಾಕದಿದ್ದರೂ ದೊಡ್ಡಪ್ಪನ ದನಿ ಇಡೀ ಮನೆಗೆ ಕೇಳುತ್ತೆ. ಫೋನ್ ಇಟ್ಟ ಮೇಲೆ ಅಪ್ಪ ಅಂದದ್ದು ಇಷ್ಟೇ, ‘ಅಣ್ಣ ಹೇಳೋದು ಸರಿಯಾಗೈತೆ.’ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮನ ಹೆಸರಿದೆ, ಮೂರು ಲಕ್ಷದವರೆಗೆ ಬರುತ್ತೆ ಅಂತ ಹೇಳಿದೆ. ಅದಾದ್ಮೇಲೆ ಅಂತ ಕೇಳಿದ. ಅಮ್ಮ ಒಳಗೆ ಹೋಗಿ ಪಾತ್ರೆ ಜೋರಾಗಿ ತೊಳೆಯೋಕೆ ಶುರುಮಾಡಿದಳು.

ಮುಂದಿನ ಭೇಟಿಯಲ್ಲಿ ಅಪ್ಪ ನಾನು ಬಾಯಿ ತೆರೆಯೋಕೆ ಮೊದಲೇ ಕೇಳಿದ, ‘ಮೇಡಂ, ಮೂರು ಅಂತ ಬರ್ದಿದೀರಲ್ಲ. ನಂದು ಯಾವ ಮೂರು?’

ಡಾಕ್ಟರು ಹುಬ್ಬಳ್ಳಿ ಕಡೆಯವರು. ಹೊರಗೆ ಇನ್ನೂ ಮೂವತ್ತು ಜನ ಕಾಯ್ತಿದ್ದರೂ ಪೆನ್ನು ಕೆಳಗಿಟ್ಟರು. ‘ಛಲೋ ಕೇಳಿದ್ರಿ ಕಾಕಾ. ನಿಮ್ಮ ಮೂರು ಬ್ಯಾರೆ, ಮಂದಿ ಹೇಳೋ ಮೂರು ಬ್ಯಾರೆ’ ಅಂದರು. ಆವತ್ತು ಅವರು ಹೇಳಿದ್ದಕ್ಕೆ ನಾನು ರಾತ್ರಿಗಳಲ್ಲಿ ಓದಿಕೊಂಡದ್ದನ್ನ ಸೇರಿಸಿ ಹೇಳುತ್ತೇನೆ.

ಡ್ಯೂರಿ ಮತ್ತು ಸಾಲ್ಮನ್ ಅನ್ನೋ ಇಬ್ಬರು 1975ರಲ್ಲಿ ಮಾಡಿದ ಪದ್ಧತಿ ಮೊದಲನೆಯದು. ಅವರ ಪ್ರಶ್ನೆ ಸರಳ, ಮೈಯಲ್ಲಿ ಕೆಟ್ಟ ಕೋಶ ಒಟ್ಟು ಎಷ್ಟಿವೆ? ಎಣಿಸೋಕಂತೂ ಆಗಲ್ಲ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಲಕ್ಷ ಕೋಟಿಗಳ ಲೆಕ್ಕ ಅದು. 71 ರೋಗಿಗಳಲ್ಲಿ ಲೆಕ್ಕ ಹಾಕಿ ನೋಡಿದಾಗ, ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಎಂ ಪ್ರೋಟೀನ್, ಎಕ್ಸ್‌ರೇಯಲ್ಲಿ ಕಾಣೋ ಮೂಳೆಯ ತೂತುಗಳು, ಇವುಗಳಿಂದಲೇ ಆ ಭಾರವನ್ನ ಅಂದಾಜು ಮಾಡಬಹುದು ಅಂತ ಗೊತ್ತಾಯ್ತು. ಎಲ್ಲವೂ ಚೆನ್ನಾಗಿದ್ದರೆ ಒಂದು. ಯಾವುದಾದರೂ ಒಂದು ತೀರಾ ಕೆಟ್ಟಿದ್ದರೂ ಮೂರು. ಹಿಮೋಗ್ಲೋಬಿನ್ 8.5ಕ್ಕಿಂತ ಕೆಳಗಿದ್ದರೆ ಸಾಕು. ಅಪ್ಪನದು 7.9. ಕ್ರಿಯಾಟಿನಿನ್ 2 ಮುಟ್ಟಿದರೆ ಅದರ ಪಕ್ಕ ಬಿ ಸೇರುತ್ತೆ. ಅಪ್ಪನದು 2.4. ಅಲ್ಲಿಗೆ 3-ಬಿ.

ಎಕ್ಸ್‌ರೇ ನೋಡುವವರ ಕಣ್ಣಿಗೆ ತಕ್ಕಂತೆ ತೂತಿನ ಲೆಕ್ಕ ಬದಲಾಗುತ್ತೆ ಅನ್ನೋದು ಈ ಪದ್ಧತಿಯ ತೊಂದರೆ. ಹಾಗಾಗಿ 2005ರಲ್ಲಿ 10,750 ರೋಗಿಗಳ ಮಾಹಿತಿ ಇಟ್ಟುಕೊಂಡು ಐಎಸ್‌ಎಸ್ ಅನ್ನೋ ಅಂತರರಾಷ್ಟ್ರೀಯ ಪದ್ಧತಿ ಮಾಡಿದರು. ನನ್ನಂಥ ಕೋಡ್ ಬರೆಯುವವನಿಗೆ ಇದು ನೋಡಿದ ತಕ್ಷಣ ಇಷ್ಟವಾಯ್ತು. ಎರಡೇ ರಕ್ತಪರೀಕ್ಷೆ, ಮೂರು ಸಾಲಿನ ಇಫ್-ಎಲ್ಸ್. ಬೀಟಾ-2 ಮೈಕ್ರೋಗ್ಲೋಬ್ಯುಲಿನ್ 3.5ಕ್ಕಿಂತ ಕಡಿಮೆ ಇದ್ದು ಆಲ್ಬುಮಿನ್ 3.5 ಅಥವಾ ಹೆಚ್ಚಿದ್ದರೆ ಒಂದನೇ ಹಂತ. ಬೀಟಾ-2 5.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೂರನೇ ಹಂತ. ಎರಡೂ ಅಲ್ಲದಿದ್ದರೆ ಎರಡು. ಅಷ್ಟೇ. ಮೂಳೆಯ ಮಾತೇ ಇಲ್ಲ.

ಆಲ್ಬುಮಿನ್ ಕಡಿಮೆ ಅಂತ ಗೊತ್ತಾದ ದಿನವೇ ನೆಂಟರೆಲ್ಲ ಮೊಟ್ಟೆಯ ಬಿಳಿ ತಿನ್ನಿಸಿ ಅಂತ ಶುರುಮಾಡಿದ್ದರು. ಅಪ್ಪ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವನಲ್ಲ. ಮೈಲೋಮಾದಲ್ಲಿ ಆಲ್ಬುಮಿನ್ ಇಳಿಯೋದು ಊಟ ಸಾಲದೆ ಅಂತಷ್ಟೇ ಅಲ್ಲ. ಕಾಯಿಲೆ ಉಕ್ಕಿಸೋ ರಾಸಾಯನಿಕ ಸಂಕೇತಗಳು ಲಿವರ್‌ಗೆ ‘ಅದನ್ನ ಕಡಿಮೆ ಮಾಡು’ ಅಂತ ಹೇಳುತ್ತವೆ. ಮೇಲಾಗಿ ಬೀಟಾ-2 5.5 ದಾಟಿದ ಮೇಲೆ ಆಲ್ಬುಮಿನ್ ಎಷ್ಟಿದ್ದರೂ ಹಂತಕ್ಕೆ ಲೆಕ್ಕವೇ ಇಲ್ಲ. ಮೊಟ್ಟೆಯ ವಿಚಾರ ಅಲ್ಲಿಗೆ ನಿಂತಿತು, ಅಪ್ಪ ನಿಟ್ಟುಸಿರು ಬಿಟ್ಟ.

ಅಪ್ಪನ ಬೀಟಾ-2 6.8 ಇತ್ತು. ಡಾಕ್ಟರು ಪೆನ್ನಿನ ತುದಿ ಇಟ್ಟದ್ದು ಅಲ್ಲಿ. ಈ ಬೀಟಾ-2 ನಮ್ಮ ಮೈಯ ಬಹುಪಾಲು ಕೋಶಗಳ ಮೇಲಿರೋ ಒಂದು ಸಣ್ಣ ಪ್ರೋಟೀನು. ಮೈಲೋಮಾ ಕೋಶ ಜಾಸ್ತಿಯಾದರೆ ಅದೂ ಜಾಸ್ತಿಯಾಗುತ್ತೆ. ಆದರೆ ಅದನ್ನ ರಕ್ತದಿಂದ ತೆಗೆದುಹಾಕೋದು ಕಿಡ್ನಿ. ಕಿಡ್ನಿ ಸೋತರೆ, ಕಾಯಿಲೆಯ ಭಾರ ಅಷ್ಟಿಲ್ಲದಿದ್ದರೂ, ನಂಬರ್ ಏರುತ್ತೆ. ‘ಹಳ್ಳಕ್ಕ ನೀರು ಹೆಚ್ಚು ಬಂದ್ರೂ ತುಂಬತೈತಿ, ತೂಬು ಕಟ್ಟಿದ್ರೂ ತುಂಬತೈತಿ. ನಿಮ್ಮದ್ರಾಗ ಎರಡೂ ಐತಿ. ಎಷ್ಟು ಯಾವುದು ಅಂತ ಈ ನಂಬರ್ ಹೇಳಂಗಿಲ್ಲ ಕಾಕಾ’ ಅಂದರು. ತೂಬಿನ ಮಾತು ಕೇಳಿದ ಮೇಲೆ ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದು ಕೂತ.

ಇನ್ನೂ ಒಂದು ಬಾಕಿ ಇತ್ತು. ಕೋಶ ಎಷ್ಟಿವೆ, ಮೈ ಎಷ್ಟು ಸೋತಿದೆ ಅನ್ನೋದರ ಜೊತೆಗೆ ಕೋಶದ ಗುಣ ಎಂಥದು ಅಂತಲೂ ನೋಡಬೇಕು. ಅದನ್ನ ಹೇಳೋದು ಫಿಶ್. ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಬಣ್ಣದ ಗುರುತುಗಳನ್ನ ಅಂಟಿಸಿ ವರ್ಣತಂತುಗಳಲ್ಲಿ ಏನು ಹಾಳಾಗಿದೆ ಅಂತ ನೋಡೋ ಪರೀಕ್ಷೆ. 17ನೇ ವರ್ಣತಂತುವಿನ ಗಿಡ್ಡ ತೋಳಿನ ತುಂಡು ಕಳೆದುಹೋಗಿದ್ದರೆ, 4 ಮತ್ತು 14 ಅಥವಾ 14 ಮತ್ತು 16 ತಮ್ಮ ತುಂಡುಗಳನ್ನ ಅದಲುಬದಲು ಮಾಡಿಕೊಂಡಿದ್ದರೆ ಕಾಯಿಲೆ ಹಟಮಾರಿ ಅಂತ. 2015ರಲ್ಲಿ ಇದನ್ನೂ, ಎಲ್‌ಡಿಹೆಚ್ ಅನ್ನೋ ಇನ್ನೊಂದು ರಕ್ತಪರೀಕ್ಷೆಯನ್ನೂ ಸೇರಿಸಿ ಪರಿಷ್ಕೃತ ಐಎಸ್‌ಎಸ್ ಮಾಡಿದರು. ಐಎಸ್‌ಎಸ್ ಮೂರಿದ್ದು, ಜೊತೆಗೆ ವರ್ಣತಂತು ಕೆಟ್ಟಿರಬೇಕು ಇಲ್ಲವೇ ಎಲ್‌ಡಿಹೆಚ್ ಜಾಸ್ತಿ ಇರಬೇಕು, ಆಗ ಮಾತ್ರ ಇಲ್ಲಿ ಮೂರು.

ಅಪ್ಪನಿಗೆ ಇದು ಬೇಗ ಅರ್ಥವಾಯ್ತು. ತೆಂಗಿಗೆ ಅಣಬೆ ರೋಗ ಬರುತ್ತಲ್ಲ, ಒಂದೇ ಸಾಲಿನ ಎರಡು ಮರಕ್ಕೆ ಬಂದರೂ ಒಂದು ಬೇಗ ಸುಳಿ ಒಣಗಿ ನಿಲ್ಲುತ್ತೆ, ಇನ್ನೊಂದಕ್ಕೆ ಬುಡ ಬಿಡಿಸಿ ಔಷಧಿ ಕೊಟ್ಟರೆ ಕಾಯಿ ಬಿಟ್ಟುಕೊಂಡೇ ಇರುತ್ತೆ. ‘ಜೋತುಬಿದ್ದ ಗರಿ ಎಣ್ಸಿದ್ರೆ ಗೊತ್ತಾಗಲ್ಲ ಅದು’ ಅಂದ.

ಎರಡು ವಾರದ ಮೇಲೆ ಫಿಶ್ ವರದಿ ಬಂತು. ಕೆಟ್ಟ ಗುರುತು ಯಾವುದೂ ಇಲ್ಲ. ಎಲ್‌ಡಿಹೆಚ್ ನಾರ್ಮಲ್. ಪರಿಷ್ಕೃತ ಪದ್ಧತಿಯಲ್ಲಿ ಅಪ್ಪ ಎರಡನೇ ಹಂತ. 2022ರಲ್ಲಿ ಬಂದ ಎರಡನೇ ಪರಿಷ್ಕರಣೆಯಲ್ಲಿ ಸ್ಟೋರಿ ಪಾಯಿಂಟ್ ಥರ ಅಂಕ ಕೊಟ್ಟು ಕೂಡುತ್ತಾರೆ. ಐಎಸ್‌ಎಸ್ ಮೂರಕ್ಕೆ ಒಂದೂವರೆ ಅಂಕ, ಉಳಿದವಕ್ಕೆಲ್ಲ ಸೊನ್ನೆ. ಒಂದೂವರೆ ಅಂದರೆ ಅಲ್ಲಿ ನಾಲ್ಕರಲ್ಲಿ ಮೂರನೇ ಗುಂಪು. ಅಂದರೆ ಒಬ್ಬನೇ ಮನುಷ್ಯ, ಅದೇ ರಕ್ತ, ಅದೇ ಮಜ್ಜೆ. ಒಂದು ಕಾಗದದಲ್ಲಿ 3-ಬಿ, ಒಂದರಲ್ಲಿ 3, ಒಂದರಲ್ಲಿ 2, ಇನ್ನೊಂದರಲ್ಲಿ 4ಕ್ಕೆ 3. ನಾಲ್ಕೂ ಸರಿಯೇ.

ಇದನ್ನೆಲ್ಲ ಊರಿಗೆ ಹೇಳೋದು ಹೇಗೆ? ಪರಿಷ್ಕೃತದ ಸುದ್ದಿ ಗ್ರೂಪಿಗೆ ಹೋಗಿದ್ದೇ ‘ಮೂರರಿಂದ ಎರಡಕ್ಕೆ ಇಳೀತಂತೆ’ ಅಂತ ಸಂಭ್ರಮ. ಅಷ್ಟೊತ್ತಿಗೆ ಅಪ್ಪನಿಗೆ ಕೊಟ್ಟಿದ್ದು ಬರೀ ಗ್ಲೂಕೋಸ್ ನೀರು, ಕ್ಯಾಲ್ಸಿಯಂ ಇಳಿಸೋ ಒಂದು ಡ್ರಿಪ್, ಉರಿತಕ್ಕೆ ನಾಲ್ಕು ದಿನದ ಸ್ಟೀರಾಯ್ಡ್. ಒಬ್ಬ ಅತ್ತೆ ತಾನು ಕಳಿಸಿದ ಕಷಾಯದ ಪ್ರಭಾವ ಅಂದಳು. ಅಮ್ಮ ಹರಕೆ ಫಲಿಸಿತು ಅಂದಳು. ನಾನು ಯಾರ ಮಾತನ್ನೂ ತಿದ್ದಲಿಲ್ಲ.

ನಿಜ ಹೇಳಬೇಕಂದರೆ ಆ ಎರಡನೇ ಹಂತಕ್ಕೂ ಹಿಗ್ಗೋ ಹಾಗಿರಲಿಲ್ಲ. ಪರಿಷ್ಕೃತ ಐಎಸ್‌ಎಸ್‌ನಲ್ಲಿ ಎರಡು ಅಂದರೆ ‘ಒಂದೂ ಅಲ್ಲ, ಮೂರೂ ಅಲ್ಲ’ ಅಂತ. ಆ ಅಧ್ಯಯನದ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಬಿದ್ದದ್ದು ಅಲ್ಲೇ. ಕೋಡಿನಲ್ಲಿ ಇಷ್ಟೊಂದು ಜನ ಡೀಫಾಲ್ಟ್ ಕೇಸಿಗೆ ಬಿದ್ದರೆ ರಿವ್ಯೂ ಮಾಡುವವರು ಬಿಡುತ್ತಿರಲಿಲ್ಲ. ಇವರೂ ಬಿಟ್ಟಿಲ್ಲ, ಆ ಗುಂಪನ್ನ ಒಡೆಯೋಕೇ ಅಂಕಗಳ ಪದ್ಧತಿ ತಂದದ್ದು.

ನೆಟ್‌ನಲ್ಲಿ ಹುಡುಕಿದರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳೋದು ತಿಂಗಳುಗಳು. ಐಎಸ್‌ಎಸ್ ಒಂದಕ್ಕೆ 62, ಎರಡಕ್ಕೆ 44, ಮೂರಕ್ಕೆ 29. ರಾತ್ರಿ ಎರಡು ಗಂಟೆಗೆ ಆ 29 ನೋಡಿ ಬಾಲ್ಕನಿಯಲ್ಲಿ ಬಹಳ ಹೊತ್ತು ನಿಂತಿದ್ದೆ. ಬೆಳಿಗ್ಗೆ ಮತ್ತೆ ಓದಿದಾಗ ಕಂಡದ್ದು ಎರಡು. ಅದು ಮಧ್ಯಾಂಕ, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ್ದರು. ಇನ್ನೊಂದು, ಆ ರೋಗಿಗಳಲ್ಲಿ ಹೆಚ್ಚಿನವರು ಬೋರ್ಟೆಜೋಮಿಬ್, ಲೆನಾಲಿಡೊಮೈಡ್ ಬಳಕೆಗೆ ಬರೋ ಮುಂಚಿನವರು. ಪರಿಷ್ಕೃತದ ಎರಡನೇ ಹಂತದಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 62. ಈ ಔಷಧಿಗಳನ್ನ ಈಗ ನಮ್ಮ ದೇಶದ ಕಂಪನಿಗಳೇ ಮಾಡುತ್ತವೆ, ತೋಟ ಮಾರೋ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದೂ ಅಲ್ಲೇ.

ದೊಡ್ಡಪ್ಪನ ಹತ್ತಿರ ಅಪ್ಪನೇ ಮಾತಾಡಿದ. ನಾನು ತಯಾರು ಮಾಡಿಟ್ಟಿದ್ದ ವಿವರಣೆ ಯಾವುದೂ ಬೇಕಾಗಲಿಲ್ಲ. ‘ಅಣ್ಣ, ಅತ್ತಿಗೇದು ಊರೆಲ್ಲ ಹಬ್ಬಿದ್ ಮೂರು ನಾಕು. ನಂದು ತೂಬು ಕಟ್ಟಿರೋ ಮೂರು. ತೂಬು ಬಿಡ್ಸಿ ನೋಡ್ತಾರಂತೆ. ಆರು ತಿಂಗ್ಳು ನೋಡಾನ, ಆಗ್ಲಿಲ್ಲ ಅಂದ್ರೆ ನೀನ್ ಹೇಳ್ದಂಗೇ ಮನೆಗ್ ಬತ್ತೀನಿ.’ ಆ ಕಡೆ ತುಂಬ ಹೊತ್ತು ಮಾತೇ ಇಲ್ಲ. ಮರುದಿನ ದೊಡ್ಡಪ್ಪ ಎರಡು ಗೊನೆ ಎಳನೀರು ಬಸ್ಸಿಗೆ ಹಾಕಿ ಕಳಿಸಿದರು. ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ತೊಂದರೆ ಇರುವವರು ಕುಡಿಯಬಾರದು ಅಂತ ಹೇಳಿದ್ದರಿಂದ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರೆಲ್ಲ ಕುಡಿದರು.

ವಾರಕ್ಕೊಂದು ಸಲ ಹೊಟ್ಟೆಯ ಚರ್ಮಕ್ಕೆ ಬೋರ್ಟೆಜೋಮಿಬ್ ಇಂಜೆಕ್ಷನ್, ಜೊತೆಗೆ ಮಾತ್ರೆಗಳು. ಸ್ಟೀರಾಯ್ಡ್ ತಗೊಂಡ ರಾತ್ರಿ ಅಪ್ಪನಿಗೆ ನಿದ್ದೆಯೇ ಇಲ್ಲ, ಮೂರು ಗಂಟೆಗೆ ಎದ್ದು ಶೂ ಸ್ಟ್ಯಾಂಡ್ ಜೋಡಿಸಿರುತ್ತಿದ್ದ. ಮೂರನೇ ತಿಂಗಳಿಗೆ ಕ್ರಿಯಾಟಿನಿನ್ 1.5ಕ್ಕೆ ಇಳಿಯಿತು. ಆಮೇಲೆ ಲೆನಾಲಿಡೊಮೈಡ್ ಸೇರಿಸಿದರು. ಹಿಮೋಗ್ಲೋಬಿನ್ ಹನ್ನೊಂದು ದಾಟಿತು.

ಆಗ ನಾನು ಕೇಳಿದೆ, ಈಗ ಎಷ್ಟನೇ ಸ್ಟೇಜ್ ಮೇಡಂ? ಬದಲಾಗಲ್ಲ ಅಂದರು. ಹಂತ ಹೇಳೋದು ರೋಗ ಪತ್ತೆಯಾದ ದಿನದ ಲೆಕ್ಕ, ಅದು ಕಾಗದದಲ್ಲಿ ಹಾಗೇ ಉಳಿಯುತ್ತೆ. ಈಗ ನೋಡೋದು ಸ್ಟೇಜನ್ನಲ್ಲ, ಔಷಧಿಗೆ ಕಾಯಿಲೆ ಎಷ್ಟು ಬಗ್ಗಿದೆ ಅನ್ನೋದನ್ನ. ಎಂ ಪ್ರೋಟೀನ್ ಎಷ್ಟಕ್ಕೆ ಇಳಿದಿದೆ, ಲೈಟ್ ಚೈನ್ ಎಷ್ಟಿದೆ ಅಂತ. ಸಾಮಾನ್ಯವಾಗಿ ಇದು ಬುಡಸಮೇತ ಹೋಗೋ ಕಾಯಿಲೆಯಲ್ಲ, ಮತ್ತೆ ಬರಬಹುದು, ಬಂದಾಗ ಬೇರೆ ಔಷಧಿಗಳಿವೆ ಅಂತಲೂ ಹೇಳಿದರು. ಅಪ್ಪ ತಲೆ ಅಲ್ಲಾಡಿಸಿ, ಈ ಸಲದ ಎಂ ಪ್ರೋಟೀನ್ ಎಷ್ಟು ಅಂತ ಕೇಳಿ ಬರೆದುಕೊಂಡ.

ಈಗ ಅಪ್ಪ ಊರಲ್ಲೇ ಇದಾನೆ. ಮೂಟೆ ಹೊರೋ ಹಾಗಿಲ್ಲ, ಕಾಯಿ ಸುಲಿಯೋರ ಮುಂದೆ ಕುರ್ಚಿ ಹಾಕ್ಕೊಂಡು ಕೂರುತ್ತಾನೆ. ಅಡುಗೆಮನೆ ಬಾಗಿಲಿನ ಪಕ್ಕದ ಕ್ಯಾಲೆಂಡರಿನಲ್ಲಿ ಮೊದಲಿನಿಂದಲೂ ಟೆಂಡರ್ ದಿನದ ಕೊಬ್ಬರಿ ರೇಟು ಬರೆದಿಡೋ ಅಭ್ಯಾಸ ಅವನದು. ಈಗ ತಿಂಗಳಿಗೊಂದು ಸಲ ಅದರ ಕೆಳಗೆ ಚಿಕ್ಕದಾಗಿ 0.4, 0.3 ಅಂತ ಇರುತ್ತೆ. ಮುಂದಿನ ಟೆಸ್ಟು ಟೆಂಡರ್ ದಿನವೇ ಬಿದ್ದಿದೆ. ಒಂದಿನ ಆಚೀಚೆ ಮಾಡೋಕಾಗುತ್ತಾ ಕೇಳು ಅಂತ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದ.